ಫಿನಾಯಿಲ್ ಪ್ರೋಕ್ಷಣೆಯ ಆಶ್ರಯಧಾಮ

ಬಸ್ ನಿಲ್ದಾಣದ ನಾಯಿಗಳಿಗೂ ಇನ್ನು ಮುಂದೆ ಸರ್ಕಾರಿ ಸೂರು ದೊರೆಯಲಿದೆ ಎಂದು ತಿಳಿದ ದಿನದಿಂದ ದಾವಣಗೆರೆಯ ನಾಗರಿಕರು, ಅದರಲ್ಲೂ ಆಶ್ರಯ ಮನೆಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರು, ನಾಯಿಗಳನ್ನು ಹೊಸ ಗೌರವದಿಂದ ನೋಡಲಾರಂಭಿಸಿದ್ದಾರೆ. ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಏನು ಹೇಳಿತೆಂಬುದು ಎಲ್ಲರಿಗೂ ಗೊತ್ತು: ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಹಿಡಿಯಬೇಕು, ಸಂತಾನಶಕ್ತಿ ಹರಣ ಮಾಡಿಸಿ ಲಸಿಕೆ ಹಾಕಿಸಬೇಕು, ಆಶ್ರಯತಾಣದಲ್ಲಿಡಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು. ಇಂಥ ಪ್ರತಿಯೊಂದು ಸಂಸ್ಥೆಯೂ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ, ಅವರ ವಿವರವನ್ನು ಬಾಗಿಲಲ್ಲೇ ಎದ್ದು ಕಾಣುವಂತೆ ಬರೆಸಬೇಕೆಂದೂ ಆದೇಶದಲ್ಲಿದೆ. ಅಕ್ಷರಸ್ಥ ನಾಯಿಗಳು ಅದನ್ನು ಓದಿ ಹಿಂದಿರುಗುತ್ತವೆ, ಸಮಸ್ಯೆಯೇನಿದ್ದರೂ ಉಳಿದವುಗಳದ್ದು.

ಆಶ್ರಯತಾಣವೊಂದರ ಉದ್ಘಾಟನೆಯ ಚಿತ್ರವನ್ನು ನೀವೂ ಪತ್ರಿಕೆಯಲ್ಲಿ ನೋಡಿರುತ್ತೀರಿ. ಯಾವುದೆಂದು ಹೆಸರಿಸುವ ಅಗತ್ಯವಿಲ್ಲ, ಏಕೆಂದರೆ ಆ ಚಿತ್ರಗಳೆಲ್ಲ ಒಂದೇ. ನಡುವೆ ರಿಬ್ಬನ್ನು, ಅದರ ಹಿಂದೆ ಹದಿನೈದು ಜನ ಗಣ್ಯರು, ಅವರ ಹಿಂದೆ ಶಾಮಿಯಾನ, ಶಾಮಿಯಾನದ ಹಿಂದೆ ತಗಡಿನ ಚಾವಣಿಯ ಒಂದು ಉದ್ದನೆಯ ಕೊಠಡಿ. ಆ ಒಂದೇ ಕೊಠಡಿಯಲ್ಲಿ ನಿನ್ನೆ ಸಿಕ್ಕ ನಾಯಿ, ಹೋದ ತಿಂಗಳು ಸಿಕ್ಕ ನಾಯಿ, ಶಸ್ತ್ರಚಿಕಿತ್ಸೆಯ ಹೊಲಿಗೆ ಇನ್ನೂ ಆರದ ನಾಯಿ, ಕೆಮ್ಮುವ ನಾಯಿ ಮತ್ತು ರಟ್ಟಿನ ಪೆಟ್ಟಿಗೆಯಲ್ಲಿ ಯಾರೋ ರಾತ್ರಿ ಗೇಟಿನ ಬಳಿ ಇಟ್ಟುಹೋದ ಆರು ಮರಿಗಳು ಸರ್ವಧರ್ಮ ಸಮಭಾವದಿಂದ ವಾಸಿಸುತ್ತವೆ. ಹೊಸದಾಗಿ ಬಂದವುಗಳನ್ನು ಕನಿಷ್ಠ 14 ದಿನ ಬೇರೆಯಾಗಿಟ್ಟು ಗಮನಿಸಬೇಕು, ರೋಗದ ಲಕ್ಷಣ ಕಂಡವುಗಳನ್ನು ಅದಕ್ಕೂ ಬೇರೆಯಾದ ಇನ್ನೊಂದು ಕಡೆ ಇಡಬೇಕು ಎಂಬ ನಿಯಮ ನಕ್ಷೆಯಲ್ಲಿ ಖಂಡಿತ ಇತ್ತು. ಪ್ರತ್ಯೇಕ ಕೊಠಡಿಯನ್ನು ಕಟ್ಟಿಯೂ ಆಗಿದೆ. ಆದರೆ ಉದ್ಘಾಟನೆಗೆ ತರಿಸಿದ ಪ್ಲಾಸ್ಟಿಕ್ ಕುರ್ಚಿಗಳೂ ಹಳೆಯ ಫ್ಲೆಕ್ಸುಗಳೂ ಈಗ ಅದರಲ್ಲಿ ಪ್ರತ್ಯೇಕವಾಸದಲ್ಲಿದ್ದು, ಈವರೆಗೆ ಯಾವ ಕುರ್ಚಿಗೂ ಸೋಂಕು ತಗುಲಿದ ವರದಿಯಿಲ್ಲ.

ಇನ್ನು ಫಿನಾಯಿಲ್. ಕನ್ನಡಿಗರ ಶುಚಿತ್ವದ ಕಲ್ಪನೆಯಲ್ಲಿ ಫಿನಾಯಿಲ್‌ಗೆ ಇರುವ ಸ್ಥಾನ ಗಂಗಾಜಲಕ್ಕೂ ಇಲ್ಲ. ಆಸ್ಪತ್ರೆ, ಸಿನಿಮಾ ಮಂದಿರ, ಕಲ್ಯಾಣ ಮಂಟಪದ ಹಿಂಭಾಗ, ಎಲ್ಲಿಯೇ ಆಗಲಿ ಆ ವಾಸನೆ ಮೂಗಿಗೆ ಬಡಿಯಿತೆಂದರೆ ಕೆಲಸ ಮುಗಿಯಿತೆಂದು ಅರ್ಥ. ಆಶ್ರಯತಾಣಕ್ಕೆ ಬರುವ ಗಣ್ಯರು ಬಾಗಿಲಲ್ಲೇ ಒಮ್ಮೆ ಉಸಿರೆಳೆದುಕೊಂಡು, ತುಂಬಾ ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ಪ್ರಮಾಣಪತ್ರ ಕೊಡುತ್ತಾರೆ. ಪಾರ್ವೊ ವೈರಾಣುವಿಗೆ ಮಾತ್ರ ಮೂಗಿಲ್ಲ. 1978ರಲ್ಲಿ ಜಗತ್ತಿನ ಗಮನಕ್ಕೆ ಬಂದ ಈ ರೋಗ ಮರಿಗಳ ಕರುಳನ್ನೇ ಕಿತ್ತುಹಾಕುತ್ತದೆ. ವೈರಾಣು ನೆಲದಲ್ಲಿ, ಮಣ್ಣಿನಲ್ಲಿ, ತಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್ ಅದನ್ನು ಕೊಲ್ಲುವುದಿಲ್ಲ, ಕೈಗೆ ಹಚ್ಚಿಕೊಳ್ಳುವ ಆಲ್ಕೋಹಾಲ್ ಸ್ಯಾನಿಟೈಸರೂ ಕೊಲ್ಲುವುದಿಲ್ಲ. ಅದೇ ಕಟ್ಟಡದಲ್ಲಿ ಬೆಕ್ಕುಗಳೂ ಇದ್ದರೆ ಫಿನಾಯಿಲ್‌ನಂಥ, ಫೀನಾಲ್ ಬೆರೆತ ದ್ರಾವಣ ಅವುಗಳಿಗೆ ವಿಷ. ಅಂದರೆ ಆ ಸುವಾಸನೆಯಿಂದ ವೈರಾಣು ಉಳಿಯುತ್ತದೆ, ಬೆಕ್ಕು ಸಾಯುತ್ತದೆ, ಗಣ್ಯರು ಸಂತೃಪ್ತರಾಗುತ್ತಾರೆ.

ಹಾಗಾದರೆ ಪಾರ್ವೊವನ್ನು ಕೊಲ್ಲುವುದು ಯಾವುದು? ನಮ್ಮ ಊರಿನಲ್ಲಿ ಧಾರಾಳವಾಗಿ ದೊರೆಯುವ ಬ್ಲೀಚು. ಮಂತ್ರಿಗಳು ಬರುವ ದಿನ ಪಿ.ಬಿ. ರಸ್ತೆಯ ಎರಡೂ ಅಂಚಿನಲ್ಲಿ ರಂಗೋಲಿಯಂತೆ ನೇರವಾಗಿ ಎಳೆಯುವ ಬಿಳಿ ಗೆರೆ ಇದೆಯಲ್ಲ, ಅದೇ. ಆ ಗೆರೆಯಿಂದ ಯಾವ ರೋಗ ತಡೆಯಲ್ಪಡುತ್ತದೆ ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ. ಬಹುಶಃ ಅದನ್ನು ದಾಟಿ ಜನರ ಅಹವಾಲುಗಳು ಕಾರಿನ ಕಡೆಗೆ ಹೋಗುವುದಿಲ್ಲ. ಆಶ್ರಯತಾಣದಲ್ಲಿ ಇದನ್ನು ಬಳಸುವ ಕ್ರಮವೇ ಬೇರೆ. ಮೊದಲು ಮಲಮೂತ್ರ, ಕೂದಲು, ಚೆಲ್ಲಿದ ಅನ್ನವನ್ನೆಲ್ಲ ಬಳಿದು ತೆಗೆಯಬೇಕು, ಸೋಪಿನ ನೀರಿನಿಂದ ತಿಕ್ಕಿ ತೊಳೆಯಬೇಕು, ಆಮೇಲೆ ಶೇಕಡ 5ರ ಬ್ಲೀಚ್ ದ್ರಾವಣದ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ, ನೆಲ 10 ನಿಮಿಷ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದು ಕೊಳೆಯೊಡನೆ ಹೋರಾಡಿಯೇ ಸತ್ವ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಪುಡಿಯನ್ನು ಒಣಗಿದ ನೆಲಕ್ಕೆ ಬೀಸಿ ಎರಚುತ್ತಾರೆ. ನಾಯಿಗಳು ಸೀನುತ್ತವೆ. ಅದನ್ನು ನೋಡಿದ ಭೇಟಿಗಾರರು, ಪಾಪ ನೆಗಡಿ ಎಂದು ಹೇಳಿ, ಒಂದೊಂದು ಮರಿಯನ್ನೂ ಎತ್ತಿ ಮುದ್ದಿಸಿ, ಮೊದಲ ಗೂಡಿನ ಸೋಂಕನ್ನು ಕೊನೆಯ ಗೂಡಿನವರೆಗೆ ಪ್ರೀತಿಯಿಂದ ಹಂಚಿ ಹೋಗುತ್ತಾರೆ.

ಲಸಿಕೆಯ ವಿಷಯದಲ್ಲಿ ನಮ್ಮ ಶಿಸ್ತನ್ನು ಮೆಚ್ಚಲೇಬೇಕು. ಆಶ್ರಯತಾಣದಲ್ಲಿ ಲಸಿಕೆಯನ್ನು ಬಾಗಿಲಲ್ಲೇ, ಅಂದರೆ ಪ್ರಾಣಿ ಒಳಬಂದ ಗಳಿಗೆಯಲ್ಲೇ ಹಾಕಬೇಕೆಂದು ಪಶುವೈದ್ಯರು ಗಂಟಲು ಹರಿಯುವಂತೆ ಹೇಳುತ್ತಾರೆ. ಮರಿಗಳಿಗಂತೂ 4ರಿಂದ 6 ವಾರದ ವಯಸ್ಸಿನಿಂದ ಆರಂಭಿಸಿ, 20 ವಾರ ತುಂಬುವವರೆಗೆ ಎರಡೆರಡು ವಾರಕ್ಕೊಮ್ಮೆ ಹಾಕುತ್ತಲೇ ಇರಬೇಕು, ಏಕೆಂದರೆ ತಾಯಿಯಿಂದ ಬಂದ ರಕ್ಷಣೆ ಯಾವ ವಾರ ಇಳಿದು ಲಸಿಕೆಗೆ ಯಾವ ವಾರ ದಾರಿ ಬಿಡುತ್ತದೆಂದು ಮೊದಲೇ ಹೇಳಲಾಗದು. ನಮ್ಮಲ್ಲಿ ಲಸಿಕೆಯನ್ನು ಹಾಕುವುದಿಲ್ಲ, ಲಸಿಕಾ ಅಭಿಯಾನವನ್ನು ಹಮ್ಮಿಕೊಳ್ಳುತ್ತೇವೆ. ಅಭಿಯಾನಕ್ಕೆ ಅಧ್ಯಕ್ಷತೆ ಬೇಕು, ಅಧ್ಯಕ್ಷರ ದಿನಾಂಕ ಬೇಕು, ಬ್ಯಾನರಿನಲ್ಲಿ ಅವರ ಭಾವಚಿತ್ರಕ್ಕಿಂತ ಇನ್ನೊಬ್ಬರದು ದೊಡ್ಡದಾಗಬಾರದು. ಸೆಪ್ಟೆಂಬರ್ 28ರಂದು ರೇಬೀಸ್ ದಿನ ಬರುತ್ತದೆ. ಅಂದು ರೇಬೀಸ್ ಚುಚ್ಚುಮದ್ದು ಸಿಗುತ್ತದೆ. ಡಿಸ್ಟೆಂಪರ್ ಎಂಬ ನಾಯಿರೋಗಕ್ಕೂ ಪಾರ್ವೊಗೂ ಅಂಥ ಹೆಸರಾಂತ ದಿನಾಚರಣೆಯಿಲ್ಲದ ಕಾರಣ ಅವುಗಳ ಲಸಿಕೆಗೆ ಅನುದಾನದ ಶೀರ್ಷಿಕೆಯೂ ಇಲ್ಲ. ಇನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಲಸಿಕೆಯನ್ನು ಕಾಪಾಡಬೇಕಾದ ಫ್ರಿಜ್ಜು ಸಭೆಗೆ ತರಿಸಿದ ತಂಪು ಪಾನೀಯಗಳನ್ನು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತಿದೆ.

ರೋಗ ಬಂದರೆ ಬೇರ್ಪಡಿಸಬೇಕೆಂಬ ವಿಷಯ ನಮ್ಮ ಹಿರಿಯರಿಗೆ ತಿಳಿದಿರಲಿಲ್ಲವೆಂದು ಯಾರೂ ಹೇಳಕೂಡದು. ದಾವಣಗೆರೆ, ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಹೊರಬೀಡು ಎಂಬ ಆಚರಣೆಯಿದೆ. ಊರಿಗೆ ರೋಗರುಜಿನ ಬಂತೆಂದರೆ, ಅಥವಾ ಬರಬಾರದೆಂದು, ಒಂದು ದಿನ ಊರಿಗೆ ಊರೇ ದನಕರು, ಕುರಿ, ಕೋಳಿ, ಮಕ್ಕಳುಮರಿ ಸಮೇತ ಹೊರನಡೆದು, ಊರಬಾಗಿಲಿಗೆ ಮುಳ್ಳಿನ ಬೇಲಿ ಹಚ್ಚಿ, ಹೊಲದಲ್ಲಿ ಒಲೆ ಹೂಡಿ ಉಂಡು, ಸಂಜೆಗೆ ಮರಳುತ್ತದೆ. ಒಂದು ಹಗಲಿನಲ್ಲಿ ಯಾವ ವೈರಾಣುವೂ ಗಂಟುಮೂಟೆ ಕಟ್ಟುವುದಿಲ್ಲ ಎಂಬುದು ನಿಜ. ಆದರೆ ಬಾಗಿಲಿಗೊಂದು ಬೇಲಿ ಬೇಕು, ಒಳಗಿನದ್ದು ಬೇರೆ ಹೊರಗಿನದ್ದು ಬೇರೆ ಎಂಬ ತಿಳಿವಳಿಕೆಯಾದರೂ ಅದರಲ್ಲಿದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಿ, ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿ ಹೇಗೋ ತಡೆದದ್ದೂ ಇದೇ ತಿಳಿವಳಿಕೆಯ ಮೇಲೆ. ಗೋಶಾಲೆಯ ಬಾಗಿಲಿಗೆ ಬಂದ ಕೂಡಲೇ ಆ ತಿಳಿವಳಿಕೆ ಆವಿಯಾಗಿಬಿಡುತ್ತದೆ. ಬರಗಾಲದಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಕಡೆ ಮೇವಿಗಾಗಿ ಹತ್ತಾರು ಹಳ್ಳಿಯ ದನ ಒಂದೆಡೆ ಸೇರುತ್ತವೆ, ಒಂದೇ ತೊಟ್ಟಿಯ ನೀರು ಕುಡಿಯುತ್ತವೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಹಾಕಬೇಕಾದ ಲಸಿಕೆ ಇವುಗಳಲ್ಲಿ ಯಾವುದಕ್ಕೆ ಬಿದ್ದಿದೆ ಎಂದು ಬಾಗಿಲಲ್ಲಿ ಕೇಳುವವರಿಲ್ಲ. ಪುಣ್ಯಕೋಟಿ ಯೋಜನೆಯಲ್ಲಿ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಹಸುವನ್ನು ದತ್ತು ಪಡೆದು ಹಾರ ಹಾಕಿ ಚಿತ್ರ ತೆಗೆಸಿಕೊಳ್ಳಬಹುದು. ಉಣ್ಣಿ, ನೊಣಗಳನ್ನು ತಡೆಯುವ ಔಷಧವನ್ನು ದತ್ತು ಪಡೆದ ಪುಣ್ಯಾತ್ಮರನ್ನು ನಾನು ಇನ್ನೂ ಕಂಡಿಲ್ಲ. ಅದಕ್ಕೆ ಹಾರ ಹಾಕುವುದು ಕಷ್ಟ.

ಇಷ್ಟೆಲ್ಲದರ ನಡುವೆ ಒಬ್ಬ ಮನುಷ್ಯನಿದ್ದಾನೆ. ಹೊರಗುತ್ತಿಗೆಯವನು. ಆಶ್ರಯತಾಣವನ್ನು ಗುಡಿಸುವವನೂ ಅವನೇ, ಅನ್ನ ಹಾಕುವವನೂ ಅವನೇ, ಸತ್ತದ್ದನ್ನು ಹೊರಗೆ ಹಾಕುವವನೂ ಅವನೇ. ಆರೋಗ್ಯವಂತ ಮರಿಗಳಿಂದ ಆರಂಭಿಸಿ, ದೊಡ್ಡವುಗಳ ಕಡೆಗೆ ಹೋಗಿ, ರೋಗಿಗಳಿರುವ ಕಡೆ ಕೊನೆಗೆ ತೊಳೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿದ್ದರೂ ಪ್ರಯೋಜನವಿಲ್ಲ, ಅವನಲ್ಲಿರುವುದು ಒಂದು ಬಕೆಟ್ಟು, ಒಂದು ಪೊರಕೆ, ಅದೇ ಚಪ್ಪಲಿ. ಕೈಗವಸು ಇಲ್ಲ. ನಾಯಿಗಳ ನಡುವೆ ಹಗಲಿಡೀ ಬರಿಗೈಯಲ್ಲಿ ದುಡಿಯುವ ಅವನಿಗೆ ಮುಂಜಾಗ್ರತೆಯ ರೇಬೀಸ್ ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದರೆ, ಕಡತ ನೋಡಿ ಹೇಳುತ್ತೇವೆ ಎನ್ನುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಕಡತ ನೋಡುವಷ್ಟು ಸಮಯ ಅದು ಕೊಡುವುದಿಲ್ಲ. ಇದರಲ್ಲಿ ತಮಾಷೆ ಮಾಡುವುದು ಏನೂ ಇಲ್ಲ. ಒಂದು ಜೊತೆ ಗವಸು, ಒಂದು ಚುಚ್ಚುಮದ್ದು, ಎರಡನೆಯ ಬಕೆಟ್ಟು. ಇಷ್ಟನ್ನು ಕೊಡಲಾಗದವರು ಆಶ್ರಯ ಎಂಬ ಪದವನ್ನು ಕಮಾನಿನ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಾರೆ. ರಕ್ತಭೇದಿಯಲ್ಲಿ ನೆಲಕ್ಕಂಟಿ ಮಲಗಿದ ಮರಿಯನ್ನು ಆ ಕಮಾನಿನ ಕೆಳಗೆ ಚೀಲದಲ್ಲಿ ಹೊತ್ತು ಹೋಗುವವನೂ ಅವನೇ.

ದಾಖಲೆಯ ಪುಸ್ತಕ ಅಚ್ಚುಕಟ್ಟಾಗಿದೆ. ಒಳಬಂದವುಗಳಿಗೆ ಒಂದು ಅಂಕಣ, ಖರ್ಚಿಗೆ ನಾಲ್ಕು ಅಂಕಣ. ಸತ್ತವುಗಳ ಎದುರು ಸಾಲಾಗಿ ಸಹಜ ಸಾವು ಎಂದಿದೆ, ಮೂರು ತಿಂಗಳ ಮರಿಗಳಿಗೂ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಆರೈಕೆಯಲ್ಲಿದ್ದು ತನ್ನ ಬೀದಿಗೆ ಮರಳುತ್ತಿತ್ತು. ಈಗ ಬಸ್ ನಿಲ್ದಾಣದ ನಾಯಿ ಮರಳುವಂತಿಲ್ಲ, ಹೊಸವು ಬರುತ್ತಲೇ ಇರುತ್ತವೆ, ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಪ್ರಾಣಿ ಒಳಗೆ ಉಳಿಯುವ ದಿನ ಹೆಚ್ಚಿದಷ್ಟೂ ಗುಂಪು ಬೆಳೆಯುತ್ತದೆ, ಗುಂಪು ಬೆಳೆದಷ್ಟೂ ಸೋಂಕು ಬೆಳೆಯುತ್ತದೆ ಎಂಬ ಲೆಕ್ಕಕ್ಕೆ ಯಾವ ಪಂಡಿತರೂ ಬೇಕಿಲ್ಲ. ಶಾಲೆ, ಆಸ್ಪತ್ರೆಗಳ ಆವರಣದಲ್ಲಿ ನಾಯಿ ಇಲ್ಲವೆಂಬುದನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ನ್ಯಾಯಾಲಯ ಹೇಳಿದೆ, ಅದು ನಡೆದೀತು. ಆಶ್ರಯತಾಣದಲ್ಲಿ ನಾಯಿ ಇನ್ನೂ ಇದೆಯೇ ಎಂದು ನೋಡಲು ಬರುವ ತಂಡವೂ ಒಂದಿದೆ. ಅವರು ಬೆಳಿಗ್ಗೆ ಗೋಶಾಲೆಯ ಸಗಣಿಯಲ್ಲಿ ಸುತ್ತಾಡಿ, ಮಧ್ಯಾಹ್ನ ರೋಗಿಗಳ ಸಾಲಿನಿಂದ ಹಿಡಿದು ಮರಿಗಳ ಗೂಡಿನವರೆಗೆ ನಡೆದು, ಎಲ್ಲವೂ ತೃಪ್ತಿಕರ ಎಂದು ಸಹಿ ಹಾಕಿ, ಅದೇ ಬೂಟಿನಲ್ಲಿ ಜೀಪು ಹತ್ತಿ ಮುಂದಿನ ತಾಲ್ಲೂಕಿನ ಆಶ್ರಯತಾಣಕ್ಕೆ ಹೊರಡುತ್ತಾರೆ.