ಕ್ವಾಯರ್ ಸೀರೆಯ ದುಡ್ಡು

ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಆಂಗ್ಲಿಕನ್ ಚರ್ಚಿನ ಕ್ವಾಯರಿಗೆ, ಅಂದರೆ ಹಾಡುವ ತಂಡಕ್ಕೆ, ಮಗಳನ್ನು ಸೇರಿಸಿದಾಗ ನಾನು ಮೊದಲು ಕೇಳಿದ್ದು, "ಬಟ್ಟೆಗೆ ಎಷ್ಟು ಕೊಡಬೇಕು?" ಅಂತ. ಅಲ್ಲಿದ್ದ ಹಿರಿಯ ಹೆಂಗಸಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೀರು ತೆಗೆದು, ಮಗಳ ಭುಜಕ್ಕೆ ಒಂದೊಂದೇ ಹಿಡಿದು ನೋಡಿ, ಕ್ಯಾಸಕ್ ಅನ್ನುವ ನೀಲಿ ನಿಲುವಂಗಿ ಒಂದನ್ನು ಆರಿಸಿಕೊಟ್ಟರು. ಕಾಲರಿನ ಒಳಗೆ ಹೊಲಿದ ಪಟ್ಟಿಯಲ್ಲಿ ಹಿಂದೆ ತೊಟ್ಟ ಮಕ್ಕಳ ಹೆಸರು, ಒಂದರ ಕೆಳಗೊಂದು. ಅಂಚು ಬಿಚ್ಚಿ ಉದ್ದ ಮಾಡಿದ ಗುರುತೂ ಇತ್ತು. ಅದರ ಮೇಲೆ ಸರ್ಪ್ಲಿಸ್ ಅನ್ನುವ ಬಿಳಿ ಅಗಲ ಮೇಲಂಗಿ, ಕತ್ತಿಗೆ ರಫ್ ಅನ್ನುವ ನೆರಿಗೆಯ ಕಾಲರು. ಒಂದು ಪೈಸೆ ಖರ್ಚಿಲ್ಲ.

ಮೈಸೂರು ಕಡೆಯ ನಮ್ಮ ಕ್ಯಾಥೊಲಿಕ್ ಚರ್ಚಿನಲ್ಲಿ ನವೆಂಬರ್ ಬಂತೆಂದರೆ ಕ್ರಿಸ್‌ಮಸ್ ಹಾಡಿಗಿಂತ ಮೊದಲು ಕ್ವಾಯರ್ ಸೀರೆ ಬಣ್ಣದ ಚರ್ಚೆ. ಕಳೆದ ವರ್ಷದ್ದನ್ನೇ ಉಡೋಣ ಅಂದರೆ ಯಾರೂ ಕೇಳುವುದಿಲ್ಲ. ಸೀರೆ, ಬ್ಲೌಸ್ ಪೀಸ್, ಫಾಲ್, ಹೊಲಿಗೆ ಕೂಲಿ. ಗಂಡಸರಿಗೆ ಅದೇ ಬಣ್ಣದ ಶರಟು. ಮತ್ತೆ ಈಸ್ಟರಿಗೊಂದು, ಚರ್ಚಿನ ಹಬ್ಬಕ್ಕೊಂದು. ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದರು, ಮನೆಗೆಲಸಕ್ಕೆ ಹೋಗುತ್ತಿದ್ದರು. ಅವರ ಕಂಠಕ್ಕೆ ಸಾಟಿ ಇರಲಿಲ್ಲ. ಒಂದು ಕ್ರಿಸ್‌ಮಸ್ಸಿಗೆ "ಗಂಟಲು ಸರಿಯಿಲ್ಲ" ಅಂತ ಹೇಳಿ ಹಿಂದಿನ ಬೆಂಚಿನಲ್ಲಿ ಕೂತರು. ಅಲ್ಲಿಂದಲೇ ಎಲ್ಲ ಹಾಡೂ ಹಾಡಿದರು, ಗಂಟಲಿಗೆ ಏನೂ ಆಗಿರಲಿಲ್ಲ. ಸೀರೆ ದುಡ್ಡಿನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಮಾತ್ರ ಖಾಲಿ ಇತ್ತು.

ಇಲ್ಲಿ ಇಂಗ್ಲೆಂಡಿನಲ್ಲಿ ಡಾಕ್ಟರ ಮಗನೂ ಬಸ್ ಡ್ರೈವರ ಮಗಳೂ ಒಂದೇ ಥರ ಕಾಣುತ್ತಾರೆ. ವ್ಯತ್ಯಾಸ ಇರುವುದು ಕತ್ತಿನ ಪದಕದ ರಿಬ್ಬನ್ನಿನಲ್ಲಿ ಮಾತ್ರ. ಚರ್ಚ್ ಸಂಗೀತದ ಸಂಸ್ಥೆಯಾದ ರಾಯಲ್ ಸ್ಕೂಲ್ ಆಫ್ ಚರ್ಚ್ ಮ್ಯೂಸಿಕ್‌ನ ಕಲಿಕೆಯ ಹಂತಗಳನ್ನು ದಾಟಿದ ಹಾಗೆ ಅದು ತಿಳಿನೀಲಿ, ಕಡುನೀಲಿ, ಕೆಂಪು ಅಂತ ಬದಲಾಗುತ್ತದೆ. ಕಲಿತವರಿಗೆ ಸಿಗುತ್ತದೆ, ದುಡ್ಡು ಕೊಟ್ಟವರಿಗಲ್ಲ.

ಈ ನಿಲುವಂಗಿ ನಮ್ಮ ಹವೆಗೆ ಆಗಿಬರಲ್ಲ ಅನ್ನುತ್ತೀರಿ. ನಿಜ. ಸರ್ಪ್ಲಿಸ್ ಅಷ್ಟು ಅಗಲವಾಗಿರುವುದೇ ಚಳಿ ದೇಶದ ಚರ್ಚುಗಳಲ್ಲಿ ತುಪ್ಪಳದ ಅಂಗಿಯ ಮೇಲೆ ಹಾಕಿಕೊಳ್ಳುತ್ತಿದ್ದರು ಅಂತ. ಏಪ್ರಿಲ್ ಸೆಕೆಯಲ್ಲಿ ಅದನ್ನು ಯಾರು ತೊಡುತ್ತಾರೆ? ಆದರೆ ದಾರಿ ನಮ್ಮಲ್ಲೇ ಇದೆ. 1969ರಲ್ಲಿ ಪೂಜಾವಿಧಿಯಲ್ಲಿ ಭಾರತದ ಬಿಷಪರು ಕೇಳಿದ 12 ಬದಲಾವಣೆಗಳಿಗೆ ರೋಮ್ ಒಪ್ಪಿತು. ಫಾದರ್‌ಗಳು ಹಳೆಯ ಪೂಜಾವಸ್ತ್ರಗಳ ಬದಲು ಸರಳ ನಿಲುವಂಗಿ, ಅಂಗವಸ್ತ್ರ ಧರಿಸಬಹುದು ಅನ್ನುವುದೂ ಅದರಲ್ಲಿತ್ತು. ಬೆಂಗಳೂರಿನ ಎನ್‌ಬಿಸಿಎಲ್‌ಸಿ ಅನ್ನುವ ಕ್ಯಾಥೊಲಿಕ್ ಕೇಂದ್ರದಲ್ಲಿ ಫಾದರ್ ಕೇಸರಿ ಶಾಲು ಹೊದ್ದು, ನೆಲದ ಮೇಲೆ ಕೂತು ಬಲಿಪೂಜೆ ಅರ್ಪಿಸಿದ್ದನ್ನು ನಾನೇ ನೋಡಿದ್ದೇನೆ. ಬಲಿಪೀಠದ ಹತ್ತಿರ ಸರಿ ಅನಿಸಿದ್ದು ಕ್ವಾಯರಿಗೆ ಯಾಕೆ ಬೇಡ? ಉಟ್ಟ ಬಟ್ಟೆ ಯಾವುದೇ ಇರಲಿ, ಮೇಲೊಂದು ಕೈಮಗ್ಗದ ಹತ್ತಿ ಶಾಲು ಸಾಕು. ಅದು ಚರ್ಚಿನದೇ ಆಗಿರಲಿ, ಚರ್ಚಿನ ಬೀರುವಿನಲ್ಲೇ ಇರಲಿ.

ಇಂಗ್ಲೆಂಡಿನವರ ಬಗ್ಗೆ ಇದನ್ನೂ ಹೇಳಬೇಕು. ಇಲ್ಲಿನ ದೊಡ್ಡ ಕ್ಯಾಥೆಡ್ರಲ್‌ಗಳಲ್ಲಿ ಶತಮಾನಗಟ್ಟಲೆ ಹಾಡಿದ್ದು ಹುಡುಗರು, ಗಂಡಸರು. ಸಾಲ್ಸ್‌ಬರಿ ಕ್ಯಾಥೆಡ್ರಲ್‌ನಲ್ಲಿ ಹುಡುಗಿಯರ ಕ್ವಾಯರ್ ಶುರುವಾದದ್ದು 1991ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಅಮ್ಮಂದಿರು, ಅಕ್ಕಂದಿರು ಮುಂದೆ ನಿಂತು ಹಾಡು ಎತ್ತಿಕೊಡುತ್ತಿದ್ದರು, ಇಡೀ ಚರ್ಚು ದನಿಗೂಡಿಸುತ್ತಿತ್ತು. ಇಲ್ಲಿ ಸಂಜೆಯ ಪ್ರಾರ್ಥನೆಗೆ ಹೋದರೆ ಕ್ವಾಯರ್ ಹಾಡುತ್ತದೆ, ಉಳಿದವರು ಸುಮ್ನೆ ಕೇಳುತ್ತಾರೆ. ಒಂದೇ ಬಣ್ಣದ ಸೀರೆಯ ಸಾಲು ಕ್ರಿಸ್‌ಮಸ್ ರಾತ್ರಿ ಪೂಜೆಗೆ ಎಷ್ಟು ಚೆಂದ ಅನ್ನುವುದೂ ನನಗೆ ಗೊತ್ತು. ದೂರದಲ್ಲಿ ಕೂತು ವಿಡಿಯೊ ನೋಡುವಾಗ ಕಣ್ಣು ತುಂಬುತ್ತದೆ.

ಆದರೂ ಈ ನವೆಂಬರಿನಲ್ಲಿ ಬಣ್ಣ ಆರಿಸಲು ಕೂರುವವರು ಒಮ್ಮೆ ಶಾಲಿನ ಮಾತು ಎತ್ತಲಿ. ಬೀರುವಿನ ಖರ್ಚು ನನ್ನದು.