ಓಡುತ್ತಿರುವ ತಂತ್ರಾಂಶವನ್ನು ಒಡೆಯುವುದೇಕೆ?

ಮೂರು ಗಂಟೆಗಳ ಮೀಟಿಂಗ್ ಮುಗಿಸಿ ಈಗಷ್ಟೇ ಹೊರಬಂದಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ದಿನಕ್ಕೆ ಕೆಲವು ನೂರು ಜನ ಬಳಸುವ, ಒಂದೇ ಸರ್ವರ್ ಮೇಲೆ ಆರು ವರ್ಷಗಳಿಂದ ತಕರಾರಿಲ್ಲದೆ ನಡೆಯುತ್ತಿರುವ ತಂತ್ರಾಂಶವೊಂದನ್ನು 11 ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಬೇರೆಬೇರೆಯಾಗಿ ಓಡುವ ಪುಟ್ಟ ತಂತ್ರಾಂಶಗಳಾಗಿ ಒಡೆದು, ಕ್ಲೌಡ್‌ನಲ್ಲಿ (ಬೇರೊಂದು ಕಂಪನಿಯ ಬಾಡಿಗೆ ಸರ್ವರ್‌ಗಳಲ್ಲಿ), ಅಂಥ ತುಂಡುಗಳನ್ನು ನಡೆಸಿ ನೋಡಿಕೊಳ್ಳುವ ಕುಬರ್ನೆಟೀಸ್ ಮೇಲೆ ಕೂರಿಸಬೇಕಂತೆ. ಏಕೆ ಎಂದು ಕೇಳಿದೆ. ಈಗ ಎಲ್ಲರೂ ಹಾಗೆಯೇ ಮಾಡುತ್ತಿದ್ದಾರೆ ಎಂಬುದನ್ನು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ.

ಹೀಗೆ ಒಡೆದಾಗ ಏನಾಗುತ್ತದೆ ಎಂಬುದನ್ನು ನಾನು ಹಿಂದಿನ ಕೆಲಸದಲ್ಲಿ ಕಣ್ಣಾರೆ ಕಂಡವನು. ಗ್ರಾಹಕರೊಬ್ಬರ ವಿಳಾಸ ಬದಲಿಸುವುದು ಅಲ್ಲಿ ಮೊದಲು ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್ ಆಗಿತ್ತು. ನಡುವೆ ಏನಾದರೂ ತಪ್ಪಿದರೆ ಎಲ್ಲವೂ ರೋಲ್‌ಬ್ಯಾಕ್ ಆಗಿ ಮೊದಲಿನ ಸ್ಥಿತಿಗೆ ಮರಳುತ್ತಿತ್ತು. ಒಡೆದ ಮೇಲೆ ಅದೇ ಕೆಲಸಕ್ಕೆ ನಾಲ್ಕು ಸರ್ವಿಸ್‌ಗಳು ನೆಟ್‌ವರ್ಕ್ ಮೂಲಕ ಮಾತನಾಡಿಕೊಳ್ಳಬೇಕಾಯಿತು. ಒಂದು ರಾತ್ರಿ ಮೂರನೆಯದು ಹೊತ್ತಿಗೆ ಉತ್ತರ ಕೊಡದೆ ಟೈಮ್‌ಔಟ್ ಆಗಿ, ಬಿಲ್ಲಿನಲ್ಲಿ ಹೊಸ ವಿಳಾಸವೂ ಪಾರ್ಸೆಲ್ ಮೇಲೆ ಹಳೆಯ ವಿಳಾಸವೂ ಉಳಿದುಬಿಟ್ಟವು. ನಾಲ್ಕು ಕಿಟಕಿಗಳಲ್ಲಿ ನಾಲ್ಕು ಸರ್ವಿಸ್‌ಗಳ ಲಾಗ್ (ನಡೆದದ್ದರ ದಾಖಲೆ) ತೆರೆದುಕೊಂಡು, ಪ್ರತಿ ಕೋರಿಕೆಯ ಗುರುತಾದ ರಿಕ್ವೆಸ್ಟ್ ಐಡಿಗಳನ್ನು ಒಂದೊಂದಾಗಿ ತಾಳೆ ನೋಡುತ್ತಾ ಬೆಳಗು ಮಾಡಿದೆ.

ಇದು ನನ್ನೊಬ್ಬನ ಅನುಭವವಲ್ಲ. ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ, ಪ್ರಸಾರದ ಗುಣಮಟ್ಟ ಪರೀಕ್ಷಿಸುವ ತನ್ನ ವ್ಯವಸ್ಥೆಯಲ್ಲಿ ಬಿಡಿಬಿಡಿಯಾಗಿದ್ದ ಭಾಗಗಳನ್ನು ಮತ್ತೆ ಒಂದೇ ಪ್ರೋಸೆಸ್‌ಗೆ, ಅಂದರೆ ಒಟ್ಟಾಗಿ ಓಡುವ ಒಂದೇ ಪ್ರೋಗ್ರಾಂಗೆ ತಂದು ಖರ್ಚನ್ನು ಶೇ. 90ರಷ್ಟು ಇಳಿಸಿದ್ದಾಗಿ 2023ರಲ್ಲಿ ತಾನೇ ಬರೆದುಕೊಂಡಿತು. ಕ್ಲೌಡ್ ಮಾರುವವರ ಮನೆಯೊಳಗಿನ ಲೆಕ್ಕವೇ ಹೀಗಿರುವಾಗ, ಕೆಲವು ನೂರು ಜನರ ತಂತ್ರಾಂಶಕ್ಕೆ 11 ತುಂಡುಗಳೇಕೆ?

ಕ್ಲೌಡ್ ಎಂದರೆ ನೆಮ್ಮದಿ, ಯಂತ್ರದ ಚಿಂತೆ ನಮಗಿಲ್ಲ ಎಂಬ ವಾದವೂ ಬಂತು. 2017ರ ಫೆಬ್ರುವರಿ 28ರಂದು ಒಂದು ಕಮಾಂಡ್‌ನಲ್ಲಾದ ತಪ್ಪಿನಿಂದ ಅಮೆಜಾನ್ ಕ್ಲೌಡ್‌ನ ಕಡತ ಸಂಗ್ರಹ ಸೇವೆ ಎಸ್3, ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಗಂಟೆಗಟ್ಟಲೆ ಕೆಟ್ಟು ನಿಂತಿತು. ಸೇವೆಗಳು ಸರಿಯಿವೆಯೇ ಎಂದು ತಿಳಿಸುವ ಅವರ ಸ್ಟೇಟಸ್ ಪುಟವೂ ಅದೇ ಎಸ್3 ಅನ್ನು ನೆಚ್ಚಿಕೊಂಡಿದ್ದರಿಂದ ಕೆಟ್ಟ ಸುದ್ದಿಯನ್ನು ಅಲ್ಲಿ ತಿಳಿಸಲೂ ಬಹಳ ಹೊತ್ತು ಸಾಧ್ಯವಾಗಲಿಲ್ಲ. 2025ರ ಅಕ್ಟೋಬರ್ 20ರಂದು ಅದೇ ಪ್ರದೇಶದಲ್ಲಿ ಅಮೆಜಾನ್‌ನದೇ ಡೇಟಾಬೇಸ್ ಸೇವೆಯಾದ ಡೈನಮೋಡಿಬಿಯ ಡಿಎನ್‌ಎಸ್ ದಾಖಲೆ (ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವಂಥದ್ದು) ಖಾಲಿಯಾಗಿ ಮತ್ತೆ ಅಸಂಖ್ಯ ಸೇವೆಗಳು ಮಲಗಿದವು. ಚಿಂತೆ ಎಲ್ಲಿಗೂ ಹೋಗುವುದಿಲ್ಲ, ರಿಪೇರಿ ಮಾತ್ರ ನಮ್ಮ ಕೈತಪ್ಪುತ್ತದೆ.

ಒಮ್ಮೆಲೇ ಲಕ್ಷಾಂತರ ಜನ ಮುಗಿಬೀಳುವ ಕಡೆ ಕ್ಲೌಡ್ ಬೇಕು, ಒಪ್ಪುತ್ತೇನೆ. ಸರ್ವರ್ ಕೊಳ್ಳಲು ಹಣವಿಲ್ಲದ ಎಷ್ಟೋ ಹೊಸ ಕಂಪನಿಗಳಿಗೆ 2006ರಿಂದ ಅದು ದಾರಿಯನ್ನೂ ತೋರಿಸಿದೆ. ಆದರೆ ನಮ್ಮ ಬಳಕೆ ಆರು ವರ್ಷಗಳಿಂದ ಹೆಚ್ಚುಕಡಿಮೆ ಅಷ್ಟೇ ಇದೆ. ಎಂದೂ ಬಾರದ ನೂಕುನುಗ್ಗಲಿಗಾಗಿ ತಿಂಗಳು ತಿಂಗಳು ಬಾಡಿಗೆ ಕಟ್ಟುವುದನ್ನು ದೂರದೃಷ್ಟಿ ಎಂದು ನಾನು ಕರೆಯಲಾರೆ.

ಒಂದು ಮಾತು ಹೇಳಲೇಬೇಕು. ಹಿಂದಿನ ಕೆಲಸದಲ್ಲಿ ಹಾಗೆ ಒಡೆಯೋಣ ಎಂದು ಹಟ ಹಿಡಿದವನು ನಾನೇ. ಹೊಸದನ್ನು ಕಲಿಯುವ ಆಸೆಯಿತ್ತು, ರೆಸ್ಯೂಮೆಯಲ್ಲಿ ಆ ಹೆಸರುಗಳು ಬರಲಿ ಎಂಬ ಆಸೆಯೂ ಇತ್ತು. "ರಾತ್ರಿ ಇದು ಕೆಟ್ಟರೆ ಎಲ್ಲಿ ಹುಡುಕುತ್ತೀರಿ?" ಎಂದು ಕೇಳಿದ ಹಿರಿಯ ಸಹೋದ್ಯೋಗಿಯನ್ನು ಅಂದು ಎಲ್ಲರೆದುರು ಬಾಯಿ ಮುಚ್ಚಿಸಿದ್ದೆ. ಇಂದು ಮೀಟಿಂಗ್‌ನಲ್ಲಿ ನಾನು ಅದೇ ಪ್ರಶ್ನೆ ಕೇಳಿದಾಗ, ನನ್ನ ಬಾಯಿಯನ್ನೂ ಹಾಗೆಯೇ ಮುಚ್ಚಿಸಿದರು.

ಸೋಮವಾರ ಮತ್ತೆ ಕೂರುತ್ತೇವೆ. ನಮ್ಮ ಸರ್ವರ್‌ನ ಒಂದು ವರ್ಷದ ಸಿಪಿಯು ಬಳಕೆಯ ಗ್ರಾಫ್ ತೆಗೆದಿಟ್ಟುಕೊಂಡಿದ್ದೇನೆ, ಗೆರೆ ಒಮ್ಮೆಯೂ ಶೇ. 20 ದಾಟಿಲ್ಲ. ಅದನ್ನು ಪರದೆಯ ಮೇಲೆ ಹಾಕಿ, ಏಕೆ ಎಂದು ಇನ್ನೊಮ್ಮೆ ಕೇಳುತ್ತೇನೆ.