ಅಮ್ಮನ ಫೋಟೋ ಇನ್ನೂ ಬಾಕಿ

“ಫೋನಲ್ಲಿ ತೋರಿಸಬೇಡ ಕಣೋ. ಬೆರಳು ತಾಗಿದರೆ ಫೋಟೋ ಓಡಿಹೋಗುತ್ತೆ. ಕೈಗೆ ಕೊಡು” ಅಂದರು ಅಮ್ಮ. ಅಷ್ಟು ಸಾಕಾಯಿತು. ಆ ಶನಿವಾರವೇ ಹೆಂಡತಿಯನ್ನು ಕರೆದುಕೊಂಡು ಕ್ಯಾಮೆರಾ, ಪ್ರಿಂಟರ್ ಕೊಳ್ಳುವುದಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೊರಟೆ.

ಹೋಗುವ ಮುಂಚೆ ಲೆಕ್ಕ ಮಾಡಿಟ್ಟುಕೊಂಡಿದ್ದೆ. 4×6 ಇಂಚಿನ ಫೋಟೋಗೆ ಇಂಚಿಗೆ 300 ಚುಕ್ಕಿ ಅಂದರೆ 1200×1800. ಹತ್ತು ಲಕ್ಷ ಚುಕ್ಕಿಗೆ ಒಂದು ಮೆಗಾಪಿಕ್ಸೆಲ್; ಎರಡಕ್ಕಿಂತ ಚೂರು ಜಾಸ್ತಿ, ಅಷ್ಟೇ. ಇದನ್ನೆಲ್ಲ ಅಂಗಡಿ ಹುಡುಗನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಬಜೆಟ್ ಎಷ್ಟು ಅಂಕಲ್?” ಅಂದ. 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ತೆಗೆದುಕೊಂಡೆ. ಪಕ್ಕದ ಮನೆಯವರದು 20.

ಒಂದರಲ್ಲಿ ಮಾತ್ರ ಮೋಸ ಹೋಗಲಿಲ್ಲ. ಝೂಮ್ ಆಪ್ಟಿಕಲ್ಲೇ, ಅಂದರೆ ಲೆನ್ಸಿನದೇ ಇರಬೇಕು ಅಂತ ಹಟ ಹಿಡಿದೆ. ಡಿಜಿಟಲ್ ಝೂಮ್ ಅಂದರೆ ಒಂದು ಸೌಟು ಹಿಟ್ಟಲ್ಲಿ ಮೂರು ದೋಸೆ ಹುಯ್ದ ಹಾಗೆ.

ಪ್ರಿಂಟರ್ ವಿಷಯಕ್ಕೆ ಹೆಂಡತಿ ಒಂದು ಪುಟ್ಟದನ್ನು ತೋರಿಸಿದಳು. ಇಂಕೇ ಇಲ್ಲ, ಬಣ್ಣದ ರಿಬ್ಬನ್ನು. ಕಾಗದ ನಾಲ್ಕು ಸಲ ಒಳಗೆ ಹೋಗಿ ಬರುತ್ತೆ: ಹಳದಿ, ಕೆಂಪು, ನೀಲಿ, ಆಮೇಲೆ ಮೇಲೊಂದು ಲೇಪ. “ರೀ, ಇದರಲ್ಲಿ ಇಂಕ್ ಒಣಗೋ ತಾಪತ್ರಯ ಇಲ್ವಂತೆ.” ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಇಂಕ್‌ಜೆಟ್ಟೇ ಬೇಕು ಅಂದೆ. ಅದರ ಬೆಲೆ ಕೇಳಿ ಹಿಗ್ಗಿದೆ. ಇಂಕ್ ತುಂಬಿದ ಕಾರ್ಟ್ರಿಜ್ಜಿನ ಬೆಲೆ ಕೇಳುವ ಹೊತ್ತಿಗೆ ಬಿಲ್ ಆಗಿಹೋಗಿತ್ತು.

ಲಾಲ್‌ಬಾಗಿನ ಗಾಜಿನ ಮನೆ ಮುಂದೆ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆದೆ. ಚೆನ್ನಾಗಿಯೇ ಬಂತು. ಮನೆಗೆ ಬಂದು ಪ್ರಿಂಟ್ ಕೊಟ್ಟೆ. ಗ್ಲಾಸಿ ಕಾಗದ ತಿರುಗುಮುರುಗಾಗಿತ್ತು! ಬೆನ್ನಿನ ಕಡೆ ಇಂಕ್ ಹೀರುವುದಿಲ್ಲ ಅಂತ ಆವತ್ತೇ ಗೊತ್ತಾಗಿದ್ದು. ಅಮ್ಮನ ಮೂಗು ಜಾರಿ ಸೀರೆಯ ಅಂಚಿಗೆ ಬಂದಿತ್ತು.

“ನಾಳೆ ಮಾಡ್ತೀನಿ” ಅಂದೆ. ಆ ನಾಳೆ ಬಂದಿದ್ದು ಮೂರು ತಿಂಗಳಿಗೆ. ಅಷ್ಟರಲ್ಲಿ ನೀಲಿ ಒಣಗಿ ಕೂತಿತ್ತು. ಅಮ್ಮ ಓಕುಳಿ ಎರಚಿಸಿಕೊಂಡವರ ಹಾಗೆ ಕೆಂಪಗೆ ಹೊರಗೆ ಬಂದರು. ಇಂಕ್ ಬರುವ ತೂತು ತೊಳೆಯುವ ‘ಹೆಡ್ ಕ್ಲೀನಿಂಗ್’ ಒತ್ತಿದೆ. ಮೂರು ಸಲ. ಅದಕ್ಕೆ ಮುಖ ತೊಳೆಯುವುದಕ್ಕೂ ಇಂಕೇ ಬೇಕು ನೋಡಿ! ನೀಲಿ ಬಂತು, ಇಂಕ್ ಅರ್ಧಕ್ಕೆ ಇಳಿಯಿತು. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಒಣಗದೆ ಇರಬೇಕಾದರೆ ಆಗಾಗ ಪ್ರಿಂಟ್ ಮಾಡುತ್ತಿರಬೇಕು ಅಂತ ಬಾಯಿತಪ್ಪಿ ಅಮ್ಮನ ಎದುರು ಹೇಳಿಬಿಟ್ಟೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಒಂದು 4×6 ಹಾಳೆಯಲ್ಲಿ ಎಂಟು ಪಾಸ್‌ಪೋರ್ಟ್ ಫೋಟೋ ಹಿಡಿಯುತ್ತೆ ಅನ್ನುವುದನ್ನೂ ಅವರೇ ಸಾರಿದರು. ಈಗ ಭಾನುವಾರ ಬಂದರೆ ನಮ್ಮ ನಡುಮನೆಯ ಬಿಳಿ ಗೋಡೆಗೆ ಒರಗಿ ಯಾರಾದರೂ ನಿಂತಿರುತ್ತಾರೆ. “ಕಿವಿ ಕಾಣಬೇಕಂತೆ, ಕೂದಲು ಹಿಂದಕ್ಕೆ ಹಾಕ್ಕೋಮ್ಮಾ” ಅಂತ ಅಮ್ಮನದೇ ಉಸ್ತುವಾರಿ. ಬಂದವರಿಗೆ ಕಾಫಿ ಬೇರೆ.

ಮೊನ್ನೆ ಇಂಕ್ ಮುಗಿಯುವ ಮುಂಚೆ ಲಾಲ್‌ಬಾಗಿನದನ್ನು ಹಾಕಿಬಿಡೋಣ ಅಂತ ಕೂತೆ.

“ಇರೋ, ಎದುರುಮನೆ ಹುಡುಗಿಗೆ ನಾಳೆ ಕಾಲೇಜ್ ಅಡ್ಮಿಷನ್ನು. ನನ್ನದೇನು ಅವಸರ? ಫೋನಲ್ಲೇ ಇದೆಯಲ್ಲ” ಅಂದರು ಅಮ್ಮ.